ಬಡಿಸದೆ ಉಣ್ಣದವಳು

ಇದು ನಮ್ಮ ಪಕ್ಕದ ಮನೆಯ ಭುಜಂಗನಿಗೆ ಆದದ್ದು. ಐವತ್ತೊಂಬತ್ತನೆಯ ಇಸವಿ, ಮೇ ತಿಂಗಳು. ದೀಪ ಸ್ವಲ್ಪ ಸಣ್ಣ ಮಾಡಿ. ನಡುವೆ ಯಾರೂ ಮಾತಾಡಬೇಡಿ.

ರಾತ್ರಿ ಹತ್ತು ದಾಟಿತ್ತು. ಉಚ್ಚಿಲ ಬಿಟ್ಟು ಕಾಪುವಿಗೆ ಬರುವ ರಸ್ತೆ ಬದಿಯಲ್ಲಿ ಒಂದು ದೊಡ್ಡ ಆಲದ ಮರ, ಅದರ ಬುಡಕ್ಕೆ ತಾಗಿ ಬಾವಿ. ಭುಜಂಗ ಒಬ್ಬನೇ ಬರುತ್ತಿದ್ದ. ಕೈಯಲ್ಲಿ ಖಾಲಿ ಬುಟ್ಟಿ. ಕಾಲಲ್ಲಿ ಬೊಂಬಾಯಿ ಚಪ್ಪಲಿ. ಚಟ್... ಚಟ್... ಚಟ್...

ಬುಟ್ಟಿ ಖಾಲಿ ಎಂದು ಅವನಿಗೆ ಖುಷಿ.

ಯಾಕೆ ಖುಷಿ, ಕೇಳಿ. ಭುಜಂಗ ಬೊಂಬಾಯಿಯಲ್ಲಿ ಹಗಲು ಹೋಟೆಲಿನ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ನಾಟಕ ಕಲಿಯುತ್ತಿದ್ದ. ಅಲ್ಲಿ ಅವನಿಗೆ ಇಬ್ಬರು ಗೆಳೆಯರು, ವಿಠಲ ಮತ್ತು ದೇವದಾಸ. ಧಾರವಾಡದ ಕಡೆಯವರು, ಮೇಲಿನ ಜಾತಿಯವರು. ಭುಜಂಗನದ್ದು ಯಾವ ಜಾತಿ ಎಂದು ನಾನು ಹೇಳುವುದಿಲ್ಲ. ಈ ಬಾವಿಯ ಹಗ್ಗ ಮುಟ್ಟಬಾರದ ಜಾತಿ. ಸಾಕಲ್ಲ? ಆ ವರ್ಷ ಶಾಲೆಯಲ್ಲಿ ಜಾತಿ ಬಿಡಿ ಎನ್ನುವ ನಾಟಕ ಆಡಿದ್ದರು. ಹೆಣ್ಣಿನ ಪಾತ್ರ ಭುಜಂಗನದ್ದು. ಅವಳ ಕೈಯಿಂದ ವಿಠಲ ನೀರು ಕುಡಿಯುತ್ತಿದ್ದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ರಂಗದ ಮೇಲೆ ಖಾಲಿ ಚೊಂಬಿನಿಂದ ಕುಡಿಯುವುದಕ್ಕೆ ಎಂತ ಕಷ್ಟ?

ಆ ಇಬ್ಬರು ರಜೆಗೆ ಊರು ನೋಡಲು ಬಂದರು. ಉಡುಪಿಯ ಲಾಡ್ಜಿನಲ್ಲಿ ಇಳಿದರು. ಭುಜಂಗನ ತಾಯಿ ಅಕ್ಕು ಎರಡು ದಿನ ಮನೆಗೆ ಮೀನು ತರಲಿಲ್ಲ. ಹೊಸ ಮಡಕೆ ತಂದಳು. ಕುಚ್ಚಲಕ್ಕಿ ಅನ್ನ, ಮಟ್ಟುವಿನಿಂದ ತರಿಸಿದ ಗುಳ್ಳಬದನೆಯ ಪಲ್ಯ. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಕಟ್ಟು ಮಾಡಿ, ಬಾಳೆನಾರಿನ ಗಂಟು ಹಾಕಿ ಬುಟ್ಟಿಯಲ್ಲಿಟ್ಟಳು. ಗೆಳೆಯರು ಬೆಳಿಗ್ಗೆ ಅಂಗಳದಲ್ಲೇ ನಿಂತು ಬೊಂಡದ ಎಳನೀರು ಕುಡಿದರು. ಬೊಂಡಕ್ಕೆ ಜಾತಿ ಇಲ್ಲ.

"ಅವರು ಉಣ್ಣುತ್ತಾರಾ ಮಗಾ, ನಮ್ಮದು?"

"ಉಣ್ಣುತ್ತಾರೆ ಅಮ್ಮ. ಅವರು ಹಾಗಲ್ಲ."

"ಬಂದ ಕೂಡಲೇ ಹೇಳು. ನಾನು ಮಲಗುವುದಿಲ್ಲ."

ಉಚ್ಚಿಲದ ರೇಮಂಡನ ಬಾಡಿಗೆ ಕಾರು. ಉಡುಪಿ ನೋಡಿದರು, ಮಣಿಪಾಲದ ಬೋಳುಗುಡ್ಡ ಹತ್ತಿದರು, ಕಾರ್ಕಳಕ್ಕೆ ಹೋಗಿ ಗೋಮಟನ ಕಾಲ ಬಳಿ ಕೂತರು. ಮಧ್ಯಾಹ್ನ ಭುಜಂಗ, ರೇಮಂಡ್ ತಮ್ಮ ಕಟ್ಟು ಬಿಚ್ಚಿದರು. ಗೆಳೆಯರು ಬಿಚ್ಚಲಿಲ್ಲ. "ಕಾರಿನ ಕುಲುಕಾಟಕ್ಕ ಹೊಟ್ಟಿ ತೊಳಸಲಿಕ್ಕೆ ಹತ್ಯದ. ರಾತ್ರಿ ಉಣ್ತೀವಿ ಬಿಡಪಾ," ಎಂದ ವಿಠಲ. ರೇಮಂಡ್ ಒಮ್ಮೆ ಭುಜಂಗನ ಮುಖ ನೋಡಿದ.

ಬೆಳ್ಮಣ್, ಪಡುಬಿದ್ರಿ ದಾಟಿ ಬರುವಾಗ ಇದೇ ಆಲದ ಮರದ ಹತ್ತಿರ ಕಾರು ಕುದಿಯಿತು. ಬುಸ್ಸ್... ನೀರು ಬೇಕು. ಬಾವಿಯಲ್ಲಿ ಹಗ್ಗವಿಲ್ಲ. ಭುಜಂಗ, ರೇಮಂಡ್ ಇಬ್ಬರೂ ದೂರದಲ್ಲಿದ್ದ ರೇಮಂಡನ ನೆಂಟರ ಮನೆಗೆ ಹಗ್ಗ, ಕೊಡಪಾನ ಕೇಳಲು ಹೋದರು. ತಿರುಗಿ ಬರುವಾಗ ಬುಟ್ಟಿ ಖಾಲಿ!

"ನಿಮ್ಮವ್ವನ ಕೈಗೆ ಬಂಗಾರದ ಬಳಿ ಹಾಕಬೇಕಪಾ," ಎಂದ ದೇವದಾಸ, ಹೊಟ್ಟೆ ಸವರುತ್ತಾ.

ಬಾವಿಯ ನೀರು ರೇಮಂಡನೇ ಸೇದಿದ. ಕಾರು ಗೆಳೆಯರನ್ನು ಕೂರಿಸಿಕೊಂಡು ಉಡುಪಿಗೆ ಹೋಯಿತು. ಭುಜಂಗ ಹಗ್ಗ, ಕೊಡಪಾನ ವಾಪಸು ಕೊಟ್ಟು, ಮನೆಯ ದಾರಿ ಹಿಡಿದ. ಆ ದಾರಿ ಬಾವಿಯ ಹಿಂದಿನಿಂದ ಹೋಗುತ್ತದೆ.

ಚಟ್... ಚಟ್...

ಆಗ ಕೇಳಿಸಿತು.

ಚಪ್... ಚಪ್... ಬಾಯಿ ಚಪ್ಪರಿಸುವ ಸದ್ದು. ಉಣ್ಣುವ ಸದ್ದಲ್ಲ. ಹಸಿದವರು ಉಣ್ಣುವ ಮೊದಲು ಮಾಡುವ ಸದ್ದು.

ನಾಯಿ ಇರಬೇಕು ಎಂದುಕೊಂಡ. ಬೆಂಕಿಕಡ್ಡಿ ಗೀರಿದ.

ನಾಯಿ ಇರಲಿಲ್ಲ. ಆಲದ ಬೇರಿನ ನಡುವೆ ನೆಲದ ಮೇಲೆ ಎರಡು ಬಾಳೆಲೆ, ಬಿಚ್ಚಿಟ್ಟದ್ದು. ಅನ್ನ ಅನ್ನದ ಹಾಗೇ ಉಂಟು. ಪಲ್ಯ ಪಲ್ಯದ ಹಾಗೇ ಉಂಟು. ಒಂದು ಬೆರಳಿನ ಗುರುತಿಲ್ಲ. ಪಕ್ಕದಲ್ಲಿ ಅಮ್ಮನ ಗಂಟಿದ್ದ ಬಾಳೆನಾರು.

ಕಡ್ಡಿ ಬೆರಳು ಸುಟ್ಟಿತು. ಅವನಿಗೆ ಗೊತ್ತಾಗಲಿಲ್ಲ.

ನಾಯಿಗೆಂದು ಇಟ್ಟಿರಬೇಕು ಅವರು. ಘಟ್ಟದ ಮೇಲಿನವರಿಗೆ ನಮ್ಮ ಕ್ರಮ ಎಲ್ಲಿ ಗೊತ್ತು? ಕತ್ತಲಾದ ಮೇಲೆ, ಮರದ ಬುಡದಲ್ಲಿ, ನೆಲದ ಮೇಲೆ ಅನ್ನದ ಎಲೆ... ಅದನ್ನು ಇಲ್ಲಿ ಇಡುವುದು ಸತ್ತವರಿಗೆ.

"ಮಗಾ..."

ಹೆಂಗಸಿನ ಸ್ವರ. ಪಿಸುಮಾತು. ಬಾವಿಕಟ್ಟೆಯ ಆಚೆಯಿಂದ.

"ಎಲೆ ಇಟ್ಟರು... ಬಡಿಸಲಿಲ್ಲ."

ರಾತ್ರಿ ಇಂಥ ಸ್ವರಕ್ಕೆ ಓಗೊಡಬಾರದು. ಭುಜಂಗ ಓಗೊಟ್ಟ. ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು.

"ಅವರಿಗೆ ಬೇಡವಂತೆ."

"ನನಗೆ ಬೇಕು. ಕರೆಯದೆ ಉಣ್ಣುವುದು ಹೇಗೆ ಮಗಾ?"

ಭುಜಂಗ ಮಂಡಿಯೂರಿದ. ಕತ್ತಲಲ್ಲೇ ಎರಡು ಎಲೆಗಳನ್ನು ಮುಂದಕ್ಕೆ ಸರಿಸಿದ. "ಉಣ್ಣಿ," ಎಂದ. "ನೀವಾದರೂ ಉಣ್ಣಿ."

ಸರಕ್... ಎಲೆ ಅವನ ಬೆರಳಿನಿಂದ ಜಾರಿತು. ಅವಸರದ ಊಟ. ಗುಟುಕು... ಉಸಿರು... ಗುಟುಕು...

"ಯಾರು ಮಾಡಿದ್ದು?"

"ನನ್ನ ಅಮ್ಮ. ಅಕ್ಕು."

"ಮನೆ?"

ಕೈ ತೋರಿಸಿಬಿಟ್ಟ.

ಊಟದ ಸದ್ದು ನಿಂತಿತು. ಕಿಣಿ... ಕಿಣಿ... ಗಾಜಿನ ಬಳೆ. ಅವನನ್ನು ದಾಟಿ, ಅವನ ಮನೆಯ ದಾರಿಯಲ್ಲೇ ಹೋಯಿತು.

ಆಗ ಅವನ ಎದೆ ಧಸಕ್ಕೆಂದಿತು. ಅಮ್ಮ ಮಲಗಿರುವುದಿಲ್ಲ. ಹೊಸ್ತಿಲಲ್ಲಿ ಕೂತಿರುತ್ತಾಳೆ, ಒಂದೇ ಒಂದು ಮಾತು ಕೇಳಲು. ಇವಳು ಹೋಗಿ ತಾನು ಯಾರ ಪಾಲು ಉಂಡೆ ಎಂದು ಹೇಳಿಬಿಟ್ಟರೆ? ದೆವ್ವದ ಹೆದರಿಕೆ ಅಲ್ಲ ಅದು. ಚಪ್ಪಲಿ ಬಿಟ್ಟು ಓಡಿದ. ಬಳೆಯ ಸದ್ದು ಮುಂದೆಯೇ ಇತ್ತು. ಎಷ್ಟು ಓಡಿದರೂ ಅಷ್ಟೇ ಮುಂದೆ.

ಮನೆ ತಲುಪಿದಾಗ ಅಕ್ಕು ಚಿಮಿಣಿ ದೀಪ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಕಣ್ಣಲ್ಲಿ ನೀರು. ಮುಖದಲ್ಲಿ ನಗು.

"ಈಗಷ್ಟೇ ಹೋದರು ಮಗಾ. ನಿನಗೆ ದಾರಿಯಲ್ಲಿ ಸಿಗಲಿಲ್ವಾ?"

"ಯಾರು?"

"ಒಬ್ಬರು ಹೆಂಗಸು. ಗುಳ್ಳದ ಪಲ್ಯ ಭಾರಿ ರುಚಿ ಎಂದರು. ಯಾವ ಮನೆಯವರು ಅಂತ ಕೇಳಿದೆ, ಹೇಳಲಿಲ್ಲ. ಆ ಹುಡುಗರ ಪಾಲಿನದ್ದು ನಾನು ಉಂಡೆ ಎಂದರು. ಹಾಗೆಂದರೆ ಎಂತ ಮಗಾ? ಹುಡುಗರು ಉಣ್ಣಲಿಲ್ವಾ?"

ಭುಜಂಗ ಅವಳ ಮುಖ ನೋಡಿದ. ನಟನೆ ಕಲಿತದ್ದು ಅವತ್ತು ಕೆಲಸಕ್ಕೆ ಬಂತು.

"ಉಂಡರು ಅಮ್ಮ. ಎಲೆ ನೆಕ್ಕಿ ಉಂಡರು. ಆ ಹೆಂಗಸು ತಮಾಷೆಗೆ ಹೇಳಿದ್ದು."

"ಹಾಗೆಯೇ ಅಂದುಕೊಂಡೆ," ಎಂದಳು ಅಕ್ಕು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನೀರು ಕೇಳಿದರು. ಚೊಂಬಿಗೆ ಬಾಯಿ ಕಚ್ಚಿ ಕುಡಿದರು ಮಗಾ. ಎತ್ತಿ ಹೊಯ್ದುಕೊಳ್ಳಲಿಲ್ಲ. ನಮ್ಮ ಚೊಂಬಿಗೆ... ಇಡೀ ಚೊಂಬು."

ಆ ಹೆಂಗಸು ಯಾರೆಂದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅಕ್ಕು ಸಾಯುವ ತನಕ ಆ ಹುಡುಗರನ್ನು ಹೊಗಳುತ್ತಿದ್ದಳು. ಭುಜಂಗ ಹೂಂ ಎನ್ನುತ್ತಿದ್ದ. ಅವನು ಬೊಂಬಾಯಿಗೆ ಮತ್ತೆ ಹೋಗಲಿಲ್ಲ.

ಸುಳ್ಳು ಎನ್ನುವವರು ಎನ್ನಲಿ. ಮಾರನೆಯ ಬೆಳಿಗ್ಗೆ ನಾನು ಅವರ ಅಂಗಳಕ್ಕೆ ಹೋಗಿದ್ದೆ. ಆ ಹೆಂಗಸು ನಿಂತು ನೀರು ಕುಡಿದ ಜಾಗ ಒದ್ದೆಯಾಗಿತ್ತು. ಒಂದು ಚೊಂಬು ನೀರು ಚೆಲ್ಲಿದರೆ ಎಷ್ಟೋ, ಅಷ್ಟು. ಮೇ ತಿಂಗಳ ಬಿಸಿಲು, ಕಾದ ಕೆಂಪು ಮಣ್ಣು. ಮೂರನೆಯ ದಿನವೂ ನಾನೇ ಕೈ ಇಟ್ಟು ನೋಡಿದ್ದೇನೆ... ಒಣಗಿರಲಿಲ್ಲ.