ಮೂರು ಖಾಲಿ ಹೊಟ್ಟೆಗಳು

ಪ್ರಾಣಿಗಳ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಆಗಷ್ಟೇ ಸಂತಾನಹರಣ ಆಪರೇಷನ್ ಆಗಿದ್ದ ಎರಡು ಪುಟ್ಟ ನಾಯಿಮರಿಗಳು ಅತ್ತೆಯ ತೊಡೆಯ ಮೇಲಿನ ಬುಟ್ಟಿಯಲ್ಲಿ ತೂಕಡಿಸುತ್ತಿದ್ದವು.

“ಎರಡೂ ಚೆನ್ನಾಗಿವೆಯಂತೆ ಅತ್ತೆ. ಇನ್ನು ಮರಿ ಹಾಕೋ ಚಿಂತೆಯಿಲ್ಲ.”

“ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ.”

“ನಿಮ್ಮ ಮುಖ ಯಾಕೆ ಬಾಡಿದೆ? ಬೆಳಿಗ್ಗೆ ತಿಂಡಿ ತಿಂದ್ರಿ ತಾನೇ?”

“ಇಲ್ಲ ಕಣೆ.”

“ಖಾಲಿ ಹೊಟ್ಟೇಲಿ ಇರ್ಬೇಕು ಅಂತ ಡಾಕ್ಟ್ರು ಹೇಳಿದ್ದು ಮರಿಗಳಿಗೆ!”

“ಅವೆರಡೂ ನನ್ನ ಬಾಯನ್ನೇ ನೋಡ್ತಾ ಕೂತಿದ್ರೆ ತುತ್ತು ಗಂಟಲಲ್ಲಿ ಇಳಿಯುತ್ತಾ?”

ಸೊಸೆ ನಗು ತಡೆಯಲಾರದೆ ಚೀಲದಿಂದ ಒಂದು ಬನ್ನು ತೆಗೆದು ಅತ್ತೆಗೆ ಕೊಟ್ಟಳು.

“ಅಯ್ಯೋ, ಇದ್ರಲ್ಲಿ ಒಣದ್ರಾಕ್ಷಿ ಇದೆ. ನಾಯಿಗೆ ವಿಷ ಅಂತ ನೀನೇ ಹೇಳಿದ್ದೆ. ಒಂದಾದ್ರೂ ಬುಟ್ಟಿಗೆ ಬಿದ್ರೆ?”

“ಸರಿ, ಹೊರಗೆ ಹೋಗಿ ತಿನ್ನಿ. ಬುಟ್ಟಿ ಇಲ್ಲಿ ಕೊಡಿ.”

“ರಾತ್ರಿ ಇವಕ್ಕೆ ಏನು ಹಾಕ್ಲಿ?”

“ಉಪ್ಪಿಲ್ಲದ ಮೆತ್ತನೆ ಅನ್ನ, ಸ್ವಲ್ಪವೇ. ಹಾಲು ಬೇಡ. ಎಷ್ಟು ಗೋಗರೆದ್ರೂ ಕರಗ್ಬೇಡಿ.”

“ಇವುಗಳ ಹೊಟ್ಟೆ ನಾನು ನೋಡ್ಕೋತೀನಿ ಬಿಡು. ನನ್ನ ಹೊಟ್ಟೆ ನೋಡೋಕೆ ನೀನಿದ್ದೀಯಲ್ಲ.”

ಇಬ್ಬರೂ ಎದ್ದರು. ಬುಟ್ಟಿ ಸೊಸೆಯ ಕೈಗೆ ಹೋಯಿತು. ಬಾಗಿಲು ದಾಟುವವರೆಗೂ ಅತ್ತೆ ಬನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ನಡೆದರು.