ಒಂಬತ್ತನೆಯ ದಿನದ ಬಡಿತ

ಆಸ್ಪತ್ರೆಯ ಲಿಫ್ಟಿನ ಮುಂದೆ ಉದ್ದ ಸಾಲಿತ್ತು. ಇಸಿಜಿ ಚೀಟಿ ಹಿಡಿದು ನಿಂತಿದ್ದ ಗಡಿಯಾರ ರಿಪೇರಿಯವನ ಕಿವಿ ಮುಂದಿದ್ದ ಇಬ್ಬರ ಮಾತಿಗೆ ನೆಟ್ಟಗಾಯಿತು. ಒಬ್ಬರು ವಯಸ್ಸಾದ ಹೆಂಗಸು, ಇನ್ನೊಬ್ಬಳು ಬಿಳಿ ಕೋಟಿನ ಲ್ಯಾಬಿನ ಹುಡುಗಿ.

“ಯಜಮಾನ್ರು ಹೋಗಿ ಇವತ್ತಿಗೆ ಒಂಬತ್ತು ದಿನ. ಅವರ ಹೃದಯದ ಚೂರು ಇನ್ನೂ ಬಡೀತಿದೆ ಅಂತೀಯಲ್ಲ ಮಗು!”

“ಹೌದಮ್ಮ. ಆಪರೇಷನ್‌ನಲ್ಲಿ ತೆಗೆದದ್ದು, ಉಗುರಿನಷ್ಟಗಲ. ಬೆಚ್ಚಗಿನ ದ್ರಾವಣದಲ್ಲಿ ಇಟ್ಟಿದ್ದೀವಿ. ಸಣ್ಣಗೆ ಕರೆಂಟ್ ಕೊಟ್ಟಾಗೆಲ್ಲ ಕುಗ್ಗಿ, ಕಟ್ಟಿರೋ ತಂತೀನ ಎಳೆಯುತ್ತೆ.”

“ಅವರ ಹಾಗೇ ಸುಸ್ತಾಗಿ ಎಳೀತಿರಬೇಕು.”

“ಮೊನ್ನೆವರೆಗೂ ಹಾಗೇ ಇತ್ತು. ನಿನ್ನೆ ಹೊಸ ಔಷಧಿ ಹಾಕಿದ್ವಿ. ಎರಡರಷ್ಟು ಜೋರಾಗಿ ಎಳೆದುಬಿಡ್ತು! ನಮ್ಮ ಮೇಡಂ ಕುರ್ಚಿ ಬಿಟ್ಟು ಎದ್ದೇ ನಿಂತ್ರು.”

ಒಡೆಯ ಹೋದ ಮೇಲೂ ಓಡುವ ಗಡಿಯಾರಗಳನ್ನು ರಿಪೇರಿಯವನು ಎಷ್ಟೋ ಕಂಡಿದ್ದ. ಇಂಥದ್ದನ್ನು ಕೇಳಿಯೂ ಇರಲಿಲ್ಲ.

“ಅಂದ್ರೆ ಔಷಧಿ ಸಿಕ್ತು ಅನ್ನು.”

“ಇಲ್ಲಮ್ಮ, ಜನರ ಕೈಗೆ ಬರೋಕೆ ವರ್ಷಗಳೇ ಬೇಕು. ಬರದೇನೂ ಇರಬಹುದು. ಯಜಮಾನ್ರೇನೋ ಈ ಪ್ರಯೋಗಕ್ಕೆ ಸಹಿ ಹಾಕಿಕೊಟ್ಟಿದ್ರು. ಆದ್ರೆ ನೀವು ಬೇಡ ಅಂದ್ರೆ ಇವತ್ತೇ ನಿಲ್ಲಿಸ್ತೀವಿ.”

ರಿಪೇರಿಯವನು ಇನ್ನಷ್ಟು ಮುಂದಕ್ಕೆ ಬಾಗಿದ.

“ನಿಲ್ಲಿಸಬೇಡಿ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವರಲ್ಲ ಅವರು. ನಾನು ನೋಡಬಹುದಾ?”

“ಬನ್ನಿ, ಎರಡೇ ಮಹಡಿ. ಲಿಫ್ಟ್ ಬರಲಿ.”

“ಅಲ್ಲೀತನಕ ಯಾರು ಕಾಯ್ತಾರೆ? ಮೆಟ್ಟಿಲು ಹತ್ತೋಣ.”

ದುಡುದುಡು ಹತ್ತಿದ ಹೆಂಗಸು ನಾಲ್ಕನೆಯ ಮೆಟ್ಟಿಲಲ್ಲಿ ಗಕ್ಕನೆ ನಿಂತು, ಯಾರದೋ ತೋಳು ಹಿಡಿಯುವಂತೆ ಪಕ್ಕಕ್ಕೆ ಕೈ ಚಾಚಿದರು.

“ಏನಾಯ್ತಮ್ಮ?”

“ಏನಿಲ್ಲ, ಅಭ್ಯಾಸ. ನಾಲ್ಕು ಮೆಟ್ಟಿಲಿಗೊಂದ್ಸಲ ಅವರು ಸುಧಾರಿಸ್ಕೋಬೇಕಿತ್ತು.” ಚಾಚಿದ ಕೈ ಹಿಂದಕ್ಕೆ ಬಂತು. “ನಡಿ ಮಗು, ಈಗ ಅವರೇ ನನಗಿಂತ ಜೋರಾಗಿದ್ದಾರೆ.”