ಎರಡನೇ ಸಾಲಿನ ಕೆಮ್ಮು

ಗಂಟಲು ಡಾಕ್ಟರ ಕೋಣೆಯ ಹೊರಗೆ ಮಫ್ಲರ್ ಸುತ್ತಿಕೊಂಡು ಸರದಿ ಕಾಯುತ್ತಿದ್ದ ಬಸ್ ಡ್ರೈವರ್‌ಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಲ್ಲಿ ಕೂತಿದ್ದವರು ಶಿಶುವಿಹಾರದ ಟೀಚರ್ ಮತ್ತು ಅವಳನ್ನು ದರದರ ಎಳೆದು ತಂದಂತಿದ್ದ ಅತ್ತಿಗೆ.

“ನಾಳೆ ಕ್ರಿಸ್‌ಮಸ್ ಹಾಡು ಬೇರೆ ಯಾರಾದ್ರೂ ಹೇಳಿಸ್ಲಿ. ನೀನು ಸುಮ್ನೆ ಮನೇಲಿ ಬಿದ್ಕೊ.”

“ಆಗಲ್ಲ ಅತ್ತಿಗೆ. ಮಕ್ಕಳು ನನ್ನ ಬಾಯಿ ನೋಡ್ಕೊಂಡೇ ಹಾಡೋದು.”

“ಈ ಕೆಮ್ಮಲ್ಲಿ ಅದೇನು ಹಾಡ್ತೀಯೋ!”

“ಅದೇ ಫಜೀತಿ ಆಗಿರೋದು. ಕಲಿಸುವಾಗೆಲ್ಲ ಎರಡನೇ ಸಾಲು ಮುಗೀತಿದ್ದ ಹಾಗೇ ನಂಗೆ ಕೆಮ್ಮು ಬರ್ತಿತ್ತು. ಈಗ ಅವರೂ ಅಲ್ಲಿ ಕೆಮ್ತಾರೆ.”

“ಯಾರು?”

“ಅಷ್ಟೂ ಮಕ್ಕಳು, ಒಟ್ಟಿಗೆ. ಬಾಯಿಗೆ ಕೈ ಅಡ್ಡ ಇಟ್ಕೊಂಡು.”

ಡ್ರೈವರ್ ನಗು ತಡೆಯಲು ಹೋಗಿ ತಾನೇ ಕೆಮ್ಮಿದ.

“ಗುರುವಿಗೆ ತಕ್ಕ ಶಿಷ್ಯರು! ಮೊದಲು ಅದನ್ನ ಬಿಡಿಸೇ, ಅಪ್ಪ ಅಮ್ಮಂದಿರು ನೋಡಿದ್ರೆ ಮರ್ಯಾದೆ ಹೋಗತ್ತೆ.”

“ಬಿಡಿಸ್ಬೇಕು ಅಂತಲೇ ಇದ್ದೆ. ಆದ್ರೆ ನಮ್ಮ ಗುಬ್ಬಿ ಇದಾಳಲ್ಲ, ಸೇರಿದಾಗಿಂದ ತುಟಿ ಬಿಚ್ಚದವಳು?”

“ಅವಳಿಗೇನಾಯ್ತು?”

“ನಿನ್ನೆ ಅವಳೂ ಕೆಮ್ಮಿದ್ಲು, ಎಲ್ಲರ ಜೊತೆ. ಆಮೇಲೆ ನನ್ನ ಮುಖ ನೋಡಿ ನಕ್ಳು.”

ಅತ್ತಿಗೆ ಅವಳ ಕಡೆಗೆ ತಿರುಗಿ ಕೂತಳು.

“ಅವರಮ್ಮ ನಾಳೆ ಬರ್ತಾಳಾ?”

“ಬರ್ತಾಳೆ. ಮುಂದಿನ ಸಾಲಲ್ಲೇ ಕೂರಿಸ್ತೀನಿ.”

ಒಳಗಿಂದ ನರ್ಸ್ ಕರೆದಳು. ಟೀಚರ್ ಎದ್ದು ಸೆರಗು ಸಿಕ್ಕಿಸಿಕೊಂಡಳು.

“ಡಾಕ್ಟ್ರ ಔಷಧಿಗೆ ನಿನ್ನ ಕೆಮ್ಮು ನಿಂತೇ ಹೋದ್ರೆ?”

“ನಿಲ್ಲಲಿ ಬಿಡಿ. ಎರಡನೇ ಸಾಲು ಮುಗಿದ ಮೇಲೆ ನಾನು ಕೆಮ್ಮೋದೇ.”